ಕಾಕಾ ಬರೆದ ತಿಥಿ

ಸತ್ತವರಿಗೆ ದೀಪ ಹಚ್ಚಲು ಈಗ ಎಣ್ಣೆ ಬೇಕಿಲ್ಲ, ಬತ್ತಿ ಬೇಕಿಲ್ಲ. ಹೆಬ್ಬೆರಳೊಂದಿದ್ದರೆ ಸಾಕು. ಧಾರವಾಡ, ಬೆಳಗಾವಿ ಕಡೆಯಿಂದ ಗೋವಾಕ್ಕೆ ಬಂದು ನೆಲೆಸಿದ ನಮ್ಮಂಥವರು ಕಟ್ಟಿಕೊಂಡ ಮಂಡಳಿಯೊಂದಿದೆ. ಕೆಲವು ವರ್ಷಗಳ ಹಿಂದೆ ಗಣಪತಿ ಹಬ್ಬದ ದಿನ ಆ ಮಂಡಳಿ ಈ ಸೌಕರ್ಯವನ್ನು ಸದಸ್ಯರಿಗೆ ಅರ್ಪಿಸಿತು. ವೆಬ್‌ಸೈಟಿನಲ್ಲಿ ಪುಣ್ಯಸ್ಮರಣೆ ಎಂಬ ಒಂದು ಪುಟ. ತೀರಿಕೊಂಡವರ ಫೋಟೋ, ಅದರ ಮೇಲೆ ತಾನೇ ತೂಗಾಡುವ ಚೆಂಡುಹೂವಿನ ಮಾಲೆ, ಕೆಳಗೆ ಒಂದು ದೀಪ. ದೀಪ ಒತ್ತಿದರೆ ಹೊತ್ತಿಕೊಳ್ಳುತ್ತದೆ, ಹಚ್ಚಿದವರ ಹೆಸರು ಪಟ್ಟಿಯಲ್ಲಿ ಮೂಡುತ್ತದೆ, ಹಿಂದೆ ಕೊಳಲು ಕೇಳುತ್ತದೆ. ಆ ಕೊಳಲಿಗಿಷ್ಟು ಬೆಂಕಿ ಹಾಕ ಎಂದು ಎಷ್ಟು ಸಲ ಬೈದುಕೊಂಡಿದ್ದೇನೋ ನನಗೇ ನೆನಪಿಲ್ಲ.

ಸುಳ್ಳು ಯಾಕೆ ಹೇಳಲಿ, ಆ ಪುಟದಿಂದ ಜನಕ್ಕೆ ಉಪಯೋಗವೂ ಇತ್ತು. ಊರಲ್ಲಿದ್ದರೆ ಹಿರಿಯರ ತಿಥಿ ಯಾವಾಗ ಬರುತ್ತದೆಂದು ಮನೆಯ ಭಟ್ಟರು ಎಂಟು ದಿನ ಮೊದಲೇ ಬಂದು ಹೇಳಿಹೋಗುತ್ತಾರೆ. ಇಲ್ಲಿ ಹೇಳುವವರು ಯಾರು? ಇಂಗ್ಲಿಷ್ ತಾರೀಖು ನೆನಪಿರುತ್ತದೆ, ತಿಥಿ ಪ್ರತಿ ವರ್ಷ ಹಿಂದೆ ಮುಂದೆ ಸರಿಯುತ್ತದೆ. ನಮ್ಮ ಅಪ್ಪನ ತಿಥಿಯನ್ನೇ ನಾವು ಎರಡು ಸಲ ತಪ್ಪಿಸಿದ್ದೆವು. ಈ ಪುಟದಲ್ಲಿ ಒಮ್ಮೆ ತಿಥಿ ತುಂಬಿಸಿಬಿಟ್ಟರೆ ಪ್ರತಿ ವರ್ಷ ನಾಲ್ಕು ದಿನ ಮೊದಲೇ ಮೊಬೈಲಿಗೆ ಸಂದೇಶ ಬರುತ್ತಿತ್ತು.

ತಿಥಿ ತುಂಬಿಸುವ ಕೆಲಸ ಕಾಕಾನದು. ವಯಸ್ಸು ಎಪ್ಪತ್ತರ ಮೇಲೆ, ಬಿಳಿ ಅಂಗಿ, ದಪ್ಪ ಕನ್ನಡಕ, ಮೂವತ್ತು ವರ್ಷದಿಂದ ಬಾರ್ಜಿನ ಧಣಿಯ ಆಫೀಸಿನಲ್ಲಿ ಗುಮಾಸ್ತ. ಊರವರಿಗೆಲ್ಲ ಅವನು ಕಾಕಾ. ಹಳೆಯ ಪಂಚಾಂಗಗಳನ್ನು ಒಂದು ಟ್ರಂಕಿನಲ್ಲಿ ವರ್ಷವಾರು ಜೋಡಿಸಿ ಇಟ್ಟುಕೊಂಡಿದ್ದ. ಯಾರಾದರೂ ಬರೀ ತಾರೀಖು ಕೊಟ್ಟರೆ ಬಿಡುತ್ತಿರಲಿಲ್ಲ. ಫೋನ್ ಮಾಡಿ, "ಜೀವ ಹೋದದ್ದು ಎಷ್ಟು ಗಂಟೆಕ್ಕ? ಹನ್ನೊಂದರ ಒಳಗೋ, ಹೊರಗೋ?" ಎಂದು ಕೇಳುತ್ತಿದ್ದ. ತಿಥಿ ನಡುಹಗಲಲ್ಲಿ ಬದಲಾಗುವುದುಂಟಲ್ಲ, ಅದಕ್ಕೆ. ಅಳುವ ಮನೆಗೂ ಫೋನ್ ಮಾಡಿ ಇದನ್ನು ಕೇಳಿದ್ದಾನೆ. ಎಂಥ ಕಟ್ಟುನಿಟ್ಟು ಮನುಷ್ಯ ಎಂದು ನಾವೆಲ್ಲ ಮೆಚ್ಚಿಕೊಂಡಿದ್ದೆವು.

ಇನ್ನು ಧಣಿ. ನದಿಯಲ್ಲಿ ಅದಿರು ಸಾಗಿಸುವ ಬಾರ್ಜುಗಳ ಯಜಮಾನ, ನಮ್ಮ ಮಂಡಳಿಯ ಪೋಷಕ. ಪುಟ ಮಾಡಿಸಿಕೊಟ್ಟವನೂ ಅವನೇ. ಬೇರೆಯವರ ಬಾರ್ಜುಗಳಿಂದ ಡೀಸೆಲ್ ಕದ್ದು ಮಾರುವ ಒಂದು ಗ್ಯಾಂಗ್ ಇದೆ, ಆ ಹುಡುಗರು ಯಾರ ಅನ್ನ ತಿನ್ನುತ್ತಾರೆ ಎಂಬುದು ನಮ್ಮ ಪೈಕಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಎಲ್ಲರೂ ಅವನಿಗೆ ಶಾಲು ಹೊದಿಸುತ್ತಿದ್ದರು. ನಾನೂ ಒಂದು ವರ್ಷ ತಟ್ಟೆಯಲ್ಲಿ ಶಾಲು, ತೆಂಗಿನಕಾಯಿ ಹಿಡಿದುಕೊಂಡು ವೇದಿಕೆಯ ಮೇಲೆ ನಿಂತಿದ್ದೆ. ಮರೆಯಬಾರದೆಂದು ಅದನ್ನೂ ಇಲ್ಲಿ ಬರೆದಿಡುತ್ತೇನೆ.

ನನ್ನ ತಮ್ಮ ನನಗಿಂತ ಹತ್ತು ವರ್ಷ ಚಿಕ್ಕವನು. ಮುರ್ಮುಗಾಂವ್ ಬಂದರಿನ ಕಡೆ ಒಬ್ಬ ಗುತ್ತಿಗೆದಾರನ ಹತ್ತಿರ ಲೋಡಿಂಗ್ ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದ. ಹೆಂಡತಿ, ಒಬ್ಬಳು ಮಗಳು. ಒಂದು ಸಂಜೆ ನದಿಯಲ್ಲಿ ಬಾರ್ಜು ನಿಲ್ಲುವ ದಕ್ಕೆಯಲ್ಲಿ ಡೀಸೆಲ್ ಕದಿಯುವವರು ಕಾವಲುಗಾರನೊಬ್ಬನನ್ನು ಹೊಡೆದು ನೀರಿಗೆ ತಳ್ಳಿದ್ದನ್ನು ಇವನು ಕಣ್ಣಾರೆ ನೋಡಿದ. ನೋಡಿ ಸುಮ್ಮನೆ ಮನೆಗೆ ಬರಬೇಕಿತ್ತು. ಇವನು ಹೋಗಿ ಪೊಲೀಸರಿಗೆ ಹೇಳಿದ. ಕೋರ್ಟಿನಲ್ಲಿ ಸಾಕ್ಷಿ ಹೇಳುವ ದಿನವೂ ಗೊತ್ತಾಯಿತು. ಬೇಡವೋ, ನಾವು ಪರವೂರಿನವರು, ನಮಗೇಕೆ ಎಂದು ನಾನು ಬೈದೆ.

"ನೋಡಿದ್ದನ್ನ ನೋಡೇನಿ ಅನ್ನಾಕ ಏನ್ ಅಂಜಿಕಿ, ಅಕ್ಕಾ?" ಎಂದ. ಇಂಥ ಮಾತನ್ನು ಅವನಿಗೆ ಚಿಕ್ಕಂದಿನಲ್ಲಿ ಕಲಿಸಿದವಳು ನಾನೇ.

ಸಾಕ್ಷಿಗೆ ಎಂಟು ದಿನ ಇರುವಾಗ, ಒಂದು ಮಂಗಳವಾರ ಸಂಜೆ ನಾಲ್ಕಕ್ಕೆ ಮಡಗಾಂವ್ ಬಸ್ ನಿಲ್ದಾಣದಿಂದ ಫೋನ್ ಮಾಡಿದ. ಆ ದಿನ ನಾನು ರಜೆ ಹಾಕಿ ಮನೆಯಲ್ಲಿದ್ದೆ. "ಚಾಕ್ಕ ಇಡು ಅಕ್ಕಾ, ಭಡಂಗ್ ಚುರಮರಿ ತೊಗೊಂಡು ಬರಾಕತ್ತೇನಿ," ಎಂದ. ನಿಲ್ದಾಣದಿಂದ ನಮ್ಮ ಮನೆಗೆ ನಡೆದು ಬಂದರೆ ಕಾಲು ಗಂಟೆ. ನಾನು ಚಹಾಕ್ಕೆ ಇಟ್ಟೆ. ಅವನು ಬರಲಿಲ್ಲ. ಐದಕ್ಕೆ ಫೋನ್ ಹಚ್ಚಿದೆ, ಬಂದ್ ಆಗಿತ್ತು.

ಮರುದಿನ ಬೆಳಿಗ್ಗೆ ಅವನ ಹೆಂಡತಿಯನ್ನು ಕರೆದುಕೊಂಡು ಠಾಣೆಗೆ ಹೋದೆ. ಅಲ್ಲಿದ್ದ ಸಾಹೇಬ ಕುರ್ಚಿ ಕೊಟ್ಟು ಕೂರಿಸಿದ. ಸಾಕ್ಷಿಯ ವಿಷಯ ಹೇಳಿದೆ, ತಲೆಯಾಡಿಸಿ ಕೇಳಿದ. ಆಮೇಲೆ, "ಆಜಾಯೇಗಾ ಮ್ಯಾಡಮ್," ಬರುತ್ತಾನೆ ಬಿಡಿ, ಎಂದ. ಇದು ಗೋವಾ, ಗಂಡಸರು ಎರಡು ಮೂರು ದಿನ ಮಜಾ ಮಾಡಲು ಹೋಗುತ್ತಾರೆ, ಈಗಲೇ ಬರೆದುಕೊಂಡರೆ ನಿಮ್ಮ ಮನೆಯ ಮರ್ಯಾದೆಯೇ ಹೋಗುತ್ತದೆ, ಶನಿವಾರದ ತನಕ ನೋಡಿ ಎಂದ. ನಾನು ಹೂಂ ಎಂದೆ. ಇಪ್ಪತ್ತಾರು ವರ್ಷ ಸರಕಾರಿ ಕುರ್ಚಿಯಲ್ಲಿ ಕೂತವಳು ನಾನು. ಮೇಜಿನ ಆಚೆ ಕಡೆಯವನು ಶನಿವಾರ ಬಾ ಎಂದರೆ ಶನಿವಾರವೇ ಹೋಗಬೇಕು ಎಂದು ಮೈಗೆ ಅಂಟಿಹೋಗಿತ್ತು. ಅವಳು ಮಾತ್ರ ಎದ್ದೇಳಲಿಲ್ಲ. ನಾನೇ ಕೈ ಹಿಡಿದು ಎಬ್ಬಿಸಿಕೊಂಡು ಬಂದೆ.

ನನ್ನ ಆಫೀಸು ಪಣಜಿಯಲ್ಲಿ. ಪಿಂಚಣಿದಾರರ ಹಯಾತಿ ಕಾಗದ ತೆಗೆದುಕೊಳ್ಳುವುದು ನನ್ನ ಕೆಲಸ. ಪ್ರತಿ ವರ್ಷ ಮುದುಕ ಮುದುಕಿಯರು ಬಂದು, ನೋಡಿ ತಾಯಿ, ನಾನಿನ್ನೂ ಬದುಕಿದ್ದೇನೆ ಎಂದು ಮುಖ ತೋರಿಸಿ ಹೆಬ್ಬೆಟ್ಟು ಒತ್ತಬೇಕು. ನಾನು ಕಂಪ್ಯೂಟರಿನಲ್ಲಿ ತುಂಬಿಸಬೇಕು. ನಕ್ಷತ್ರದ ಗುರುತಿರುವ ಒಂದು ಜಾಗ ಖಾಲಿ ಬಿಟ್ಟರೂ ಅರ್ಜಿ ಮುಂದೆ ಹೋಗುವುದಿಲ್ಲ. ಆ ಬುಧವಾರ ನಾನು ಮಧ್ಯಾಹ್ನದ ಬಸ್ಸಿಗೆ ಹೋಗಿ ತಡವಾಗಿ ಬಂದ ನಾಲ್ಕು ಜನರ ಹಯಾತಿ ತುಂಬಿಸಿದೆ. ಗುರುವಾರ ಸಂಕಷ್ಟಿ, ತಮ್ಮ ಕ್ಷೇಮವಾಗಿ ಬರಲೆಂದು ಉಪವಾಸ ಮಾಡಿದೆ. ಶುಕ್ರವಾರವೂ ಆಫೀಸಿಗೆ ಹೋಗಿ, ಬರುವಾಗ ಮಾರ್ಕೆಟ್ಟಿನಲ್ಲಿ ಮೆಂತ್ಯದ ಸೊಪ್ಪು ತಂದೆ. ಶನಿವಾರ ಹೋಗಿ ದೂರು ಕೊಟ್ಟೆವು. ಸಾಹೇಬ ಬರೆದುಕೊಂಡ.

ಆಮೇಲಿನ ಒಂಬತ್ತು ತಿಂಗಳು ಏನು ಹೇಳುವುದು. ಫೈಲಿನಲ್ಲಿ ಅವನು ಕಾಣೆಯಾದವನು, ಅಷ್ಟೇ. ಸಾಕ್ಷಿ ಬರಲಿಲ್ಲವೆಂದು ಡೀಸೆಲ್ ಕೇಸು ಬಿದ್ದುಹೋಯಿತು. ಅವನ ಹೆಂಡತಿ ಅವನ ನಂಬರು ಬೇರೆಯವರ ಪಾಲಾಗಬಾರದೆಂದು ತಪ್ಪದೆ ರೀಚಾರ್ಜ್ ಮಾಡಿಸುತ್ತಿದ್ದಳು. ದಿನಾ ಬೆಳಿಗ್ಗೆ ಅವನಿಗೊಂದು ಸಂದೇಶ ಕಳಿಸುತ್ತಿದ್ದಳು. ಮಗಳ ಪರೀಕ್ಷೆ, ಗ್ಯಾಸ್ ಬಂತು, ಇಂಥವೇ. ಪ್ರತಿ ಸಂದೇಶದ ಕೆಳಗೆ ಬೂದು ಬಣ್ಣದ ಒಂದೇ ಗೆರೆ. ಕಳಿಸಿದ್ದಾಯಿತು, ಮುಟ್ಟಿಲ್ಲ ಎಂದರ್ಥ. "ಎರಡನೇ ಗೆರಿ ಬಿದ್ದ ದಿನಾ ಹೇಳತೇನಿ ನಿಮಗ," ಎನ್ನುತ್ತಿದ್ದಳು. ಕಾಣೆಯಾದವನು ಬದುಕಿದ್ದಾನೆಂದು ನಂಬುವುದು ಹಟವಲ್ಲ, ಅದು ಸಂಸಾರ ಮಾಡಿದ ಹಾಗೆಯೇ ದಿನಾ ಮಾಡುವ ಕೆಲಸ ಎಂದು ಅವಳನ್ನು ನೋಡಿ ನನಗೆ ತಿಳಿಯಿತು.

ಗಣಪತಿ ಹಬ್ಬ ಮುಗಿದು ನಾಲ್ಕು ದಿನಕ್ಕೆ ಕಾಕಾ ನಮ್ಮ ಮನೆಗೆ ಬಂದ. ಚಹಾ ಕುಡಿದ. ಕಪ್ಪು ಕೆಳಗಿಟ್ಟು, "ತಂಗಿ, ಹುಡುಗನ ಹೆಸರು ಪುಟಕ್ಕ ಹಾಕೋಣೇನು? ಪಕ್ಷಮಾಸ ಬಂತು," ಎಂದ.

"ಸತ್ತವರ ಪುಟಕ್ಕ ಬದುಕಿದಾಂವನ್ನ ಹಾಕತೀರೇನ್ರಿ, ಕಾಕಾ?" ಎಂದೆ. ನನ್ನ ದನಿ ಏರಿತ್ತು.

"ಹಂಗಲ್ಲವಾ. ಅಂತರಪಿಶಾಚಿ ಆಗಿ ಅಲೀಬಾರದು. ಯಾರರೆ ಒಂದು ಹನಿ ನೀರು ಬಿಡಬೇಕು," ಎಂದ. ನೆಲ ನೋಡುತ್ತಿದ್ದ. ಅವನ ಕಣ್ಣು ತುಂಬಿದ್ದವು. ವಯಸ್ಸಾದವನು, ಮರುಗುತ್ತಿದ್ದಾನೆ ಎಂದುಕೊಂಡು ನಾನೇ ತಣ್ಣಗಾದೆ. ಬೇಡ ಎಂದು ಎರಡು ಸಲ ಸ್ಪಷ್ಟವಾಗಿ ಹೇಳಿ ಕಳಿಸಿದೆ.

ಮಹಾಲಯ ಅಮಾವಾಸ್ಯೆಗೆ ಮೂರು ದಿನವಿತ್ತು. ಆಫೀಸಿನಲ್ಲಿ ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದೆ. ಮಂಡಳಿಯ ಗುಂಪಿನಲ್ಲಿ ಫೋಟೋ ಬಂತು. ನನ್ನ ತಮ್ಮ. ಮೇಲೆ ತೂಗಾಡುವ ಮಾಲೆ. ರಾಜ್ಯೋತ್ಸವದ ಗುಂಪು ಫೋಟೋದಿಂದ ಕತ್ತರಿಸಿ ತೆಗೆದಿದ್ದರು. ಅವನ ಭುಜದ ಮೇಲೆ ಬಳೆ ತೊಟ್ಟ ಒಂದು ಕೈ ಹಾಗೇ ಉಳಿದಿತ್ತು. ಅದು ನನ್ನ ಕೈ. ಕೆಳಗೆ ಓಂ ಶಾಂತಿ, ಓಂ ಶಾಂತಿ ಎಂದು ಸುರಿಯತೊಡಗಿತು. ಅವನು ಸತ್ತ ಸುದ್ದಿ ಯಾವಾಗ ಬಂತು ಎಂದು ಒಬ್ಬರೂ ಕೇಳಲಿಲ್ಲ. ಕೇಳುವುದೇನು, ಎಲ್ಲರಿಗೂ ಹೊಟ್ಟೆಯೊಳಗೆ ಗೊತ್ತಿತ್ತು. ಮೊದಲ ದೀಪ ಹಚ್ಚಿದವನು ಧಣಿ. ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಅವನ ಹೆಸರು.

ತಮ್ಮನ ಹೆಂಡತಿ ಫೋನ್ ಮಾಡಿದಳು. "ಅಕ್ಕಾ, ನೋಡಿದ್ರೇನು?" ಎಂದಳು, ಇಟ್ಟುಬಿಟ್ಟಳು.

ಮಂಡಳಿಯ ಕಾರ್ಯದರ್ಶಿಗೆ ಫೋನ್ ಹಚ್ಚಿ ಬಾಯಿಗೆ ಬಂದಂತೆ ಬೈದೆ. "ಸಿಟ್ಟಾಗಬ್ಯಾಡ್ರಿ ಬಾಯಾರ, ಎಲ್ಲಾರೂ ಪ್ರೀತಿಲೆ ಮಾಡ್ಯಾರ್ರಿ," ಎಂದ. ಇಂಥ ಪ್ರೀತಿ ಶತ್ರುವಿಗೂ ಬೇಡ. ಸಂಜೆ ಮಡಗಾಂವ್ ಬಸ್ಸಿನಲ್ಲಿ ಕೂತು ಪುಟವನ್ನು ಮತ್ತೆ ತೆರೆದೆ. ದಿನವಿಡೀ ಅರ್ಜಿ ನೋಡುವವಳು, ಕಣ್ಣು ತಾನಾಗಿ ತಾರೀಖಿನ ಜಾಗಕ್ಕೆ ಹೋಯಿತು. ಆ ಜಾಗ ಖಾಲಿ ಬಿಡುವಂತಿಲ್ಲ. ಏನು ತುಂಬಿರಬಹುದು? ಸತ್ತ ದಿನ ಗೊತ್ತಿಲ್ಲದವರಿಗೆ ಮಹಾಲಯ ಅಮಾವಾಸ್ಯೆಯೇ ತಿಥಿ, ಅದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಇಲ್ಲವಾದರೆ ಅವನು ಕಾಣೆಯಾದ ಮಂಗಳವಾರ ಬರೆದಿರಬೇಕು, ಅವತ್ತು ಬಹುಳ ಬಿದಿಗೆ. ಎರಡೂ ಇರಲಿಲ್ಲ. ಮಾರ್ಗಶಿರ ಬಹುಳ ಪಂಚಮಿ, ಶುಕ್ರವಾರ ಎಂದಿತ್ತು. ನಾನು ಮೊಬೈಲಿನಲ್ಲಿ ಅದರ ಚಿತ್ರ ತೆಗೆದಿಟ್ಟುಕೊಂಡೆ.

ತಪ್ಪಿರಬೇಕು ಎಂದುಕೊಂಡೆ. ಆದರೆ ಕಾಕಾ ತಿಥಿ ತಪ್ಪುವವನಲ್ಲ.

ಮರುದಿನ ಬೆಳಿಗ್ಗೆ ಅವನ ಮನೆಗೆ ಹೋದೆ. ಒಬ್ಬನೇ ಇರುತ್ತಾನೆ. ಟ್ರಂಕು ತೆರೆದುಕೊಂಡು ಪಂಚಾಂಗ ಒರೆಸುತ್ತ ಕೂತಿದ್ದ. ನಾನು ಜಗಳ ತೆಗೆಯಲಿಲ್ಲ. ಮೆಲ್ಲಗೆ ಹೇಳಿದೆ, "ಕಾಕಾ, ತಿಥಿ ತಪ್ಪಿ ಬರದೀರಿ. ಅಂವ ಕಾಣಲಾರದಂಗ ಆದದ್ದು ಮಂಗಳವಾರ. ಬಿದಿಗಿ."

"ತಪ್ಪಿಲ್ಲ, ತಂಗಿ. ಪಂಚಮಿನ," ಎಂದ, ತಲೆ ಎತ್ತದೆ. "ಸಂಕಷ್ಟಿ ಮರುದಿವಸ. ಅಮಾಸಿ ಅಂತ ಬರದುಬಿಡು ಅಂದ್ರು. ಗೊತ್ತಿದ್ದೂ ಹೆಂಗ ಸುಳ್ಳು ತಿಥಿ ಬರೀಲಿ? ಬಿಟ್ಟ ನೀರು ಮುಟ್ಟೂದಿಲ್ಲ. ಆ ಪಾಪ ನಾ ಯಾಕ ಹೊತ್ಕೊಳ್ಳಿ?"

ಅಷ್ಟು ಹೇಳಿ ನಾಲಿಗೆ ಕಚ್ಚಿಕೊಂಡ.

"ಗೊತ್ತಿದ್ದೂ ಅಂದ್ರ? ನಿಮಗ ಹೆಂಗ ಗೊತ್ತು, ಕಾಕಾ?"

"ಜನ ಅಂತಾರ."

"ಯಾವ ಜನ?"

ಅವನು ಪಂಚಾಂಗಗಳನ್ನು ಒಂದೊಂದಾಗಿ ಟ್ರಂಕಿನೊಳಗೆ ಇಟ್ಟ, ಮುಚ್ಚಳ ಹಾಕಿದ. "ನಾ ವಯಸ್ಸಾದಾಂವ. ಆ ಆಫೀಸಿನ ಅನ್ನ ಉಂಡೇನಿ. ಮನಿಗೆ ಹೋಗು, ತಂಗಿ," ಎಂದ. ಕೈ ಮುಗಿದ. ನನ್ನ ಕೈಯಲ್ಲಿ ಏನಾದರೂ ಇದ್ದಿದ್ದರೆ ಅವನ ತಲೆಗೆ ಹಾಕುತ್ತಿದ್ದೆ. ಎಪ್ಪತ್ತು ವರ್ಷದ ಮುದುಕ ಎಂಬುದು ಆ ಹೊತ್ತಿಗೆ ಅಡ್ಡ ಬರುತ್ತಿರಲಿಲ್ಲ.

ಮನೆಗೆ ನಡೆದು ಬರುವಾಗ, ಬಸ್ ನಿಲ್ದಾಣದ ಎದುರು, ಅದು ತಲೆಗೆ ಹೊಕ್ಕಿತು. ಮಂಗಳವಾರ ಅಲ್ಲ, ಶುಕ್ರವಾರ. ಹಾಗಾದರೆ ಮೂರು ದಿನ ಅವನು ಬದುಕಿದ್ದ. ಬುಧವಾರ ನಾನು ಠಾಣೆಯ ಕುರ್ಚಿಯಲ್ಲಿ ಕೂತು ಹೂಂ ಎನ್ನುವಾಗ ಬದುಕಿದ್ದ. ನಾನು ನಾಲ್ಕು ಮುದುಕರ ಹಯಾತಿ ತುಂಬಿಸುವಾಗ ಬದುಕಿದ್ದ. ಸಂಕಷ್ಟಿಯ ಚಂದ್ರ ನೋಡಿ ನಾನು ಊಟ ಮಾಡುವಾಗ ಎಲ್ಲೋ ಒಂದು ಕಡೆ, ಯಾವುದೋ ಶೆಡ್ಡಿನಲ್ಲೋ ಬಾರ್ಜಿನಲ್ಲೋ, ಅಕ್ಕ ಬರುತ್ತಾಳೆಂದು ಕಾಯುತ್ತಿದ್ದಿರಬೇಕು. ಅಕ್ಕ ಮೆಂತ್ಯದ ಸೊಪ್ಪು ಆರಿಸುತ್ತಿದ್ದಳು. ರಸ್ತೆಯ ಬದಿಯಲ್ಲಿ, ಜನ ಓಡಾಡುವಲ್ಲೇ, ನಾನು ವಾಂತಿ ಮಾಡಿಕೊಂಡೆ. ಆ ಹೊಟ್ಟೆಯುರಿ ಇವತ್ತಿಗೂ ಆರಿಲ್ಲ, ಆರುವುದೂ ಬೇಡ.

ಸೋಮವಾರ ಠಾಣೆಗೆ ಹೋದೆ. ಅದೇ ಸಾಹೇಬ. ನನ್ನ ಮೊಬೈಲಿನ ಚಿತ್ರ ತೋರಿಸಿ ಬಿಡಿಸಿ ಬಿಡಿಸಿ ಹೇಳಿದೆ. ದಿನ ಗೊತ್ತಿಲ್ಲದವರಿಗೆ ಅಮಾವಾಸ್ಯೆ ಬರೆಯುತ್ತಾರೆ, ಇವನು ಪಂಚಮಿ ಬರೆದಿದ್ದಾನೆ, ತಪ್ಪು ಬರೆದರೆ ಪಾಪ ಎಂದು ಬಾಯಿಬಿಟ್ಟು ಹೇಳಿದ್ದಾನೆ, ಅವನನ್ನು ಕರೆದು ಕೇಳಿ ಎಂದೆ. ಸಾಹೇಬ ನಗಲಿಲ್ಲ, ಅಷ್ಟರ ಮಟ್ಟಿಗೆ ಸಜ್ಜನ. ಕೋರ್ಟಿನಲ್ಲಿ ಪಂಚಾಂಗ ನಡೆಯುವುದಿಲ್ಲ ಮ್ಯಾಡಮ್ ಎಂದ. ತನ್ನ ಮೊಬೈಲಿನಲ್ಲಿ ಆ ಪುಟ ತೆರೆದು ನನ್ನ ಕಡೆ ತಿರುಗಿಸಿದ. ಅಲ್ಲಿ ಮಹಾಲಯ ಅಮಾವಾಸ್ಯೆ ಎಂದಿತ್ತು. ಎರಡು ದಿನದಲ್ಲಿ ತಿದ್ದಿಬಿಟ್ಟಿದ್ದರು. ನಿಮ್ಮ ಮೊಬೈಲಿನ ಚಿತ್ರವನ್ನು ಯಾರು ಬೇಕಾದರೂ ಮಾಡಬಹುದಲ್ಲ ಎಂದ.

ಇಷ್ಟಕ್ಕೇ ಮುಗಿದಿದ್ದರೆ ನನ್ನ ಹಣೆಬರಹ ಎಂದು ಸುಮ್ಮನಾಗುತ್ತಿದ್ದೆನೇನೋ. ಆ ಪುಟವನ್ನು ಅವನು ಕಾಗದದ ಮೇಲೆ ತೆಗೆಸಿ ಫೈಲಿಗೆ ಸೇರಿಸಿಕೊಂಡ. ಫೋಟೋ, ಮಾಲೆ, ನೂರಾರು ದೀಪ ಸಮೇತ. ಎರಡು ತಿಂಗಳಿಗೆ ಕಾಗದ ಬಂತು. ಸುಳಿವು ಸಿಕ್ಕಿಲ್ಲ, ಅವರ ಸಮಾಜದವರೇ ಮೃತರೆಂದು ಶ್ರದ್ಧಾಂಜಲಿ ಸಲ್ಲಿಸಿದ್ದಾರೆ, ಹೊಸ ಮಾಹಿತಿ ಬರುವ ತನಕ ತನಿಖೆ ನಿಲ್ಲಿಸಲಾಗಿದೆ ಎಂದು ಸಾರಾಂಶ. ಅವನು ಸತ್ತ ಎನ್ನಲು ಆ ಪುಟ ನಡೆಯುತ್ತದೆ. ಅವನು ಸತ್ತ ದಿನ ಯಾರಿಗೆ ಗೊತ್ತಿತ್ತು ಎನ್ನಲು ನಡೆಯುವುದಿಲ್ಲ. ಇಪ್ಪತ್ತಾರು ವರ್ಷ ಕಾಗದ ತಿರುವಿದವಳಿಗೆ ಕಾಗದ ಹೀಗೆ ಮುಖಕ್ಕೆ ಉಗಿಯಬಲ್ಲದೆಂದು ಗೊತ್ತಿರಲಿಲ್ಲ.

ಕಾಗದವನ್ನು ತಮ್ಮನ ಹೆಂಡತಿಗೆ ಓದಿ ಹೇಳಿದೆ. ಪಂಚಮಿಯ ವಿಷಯ, ಮೂರು ದಿನದ ವಿಷಯ, ನಾನು ಅವಳನ್ನು ಠಾಣೆಯಿಂದ ಎಬ್ಬಿಸಿಕೊಂಡು ಬಂದದ್ದು, ಎಲ್ಲ ಹೇಳಿ ಅತ್ತೆ. ಬೈಯುತ್ತಾಳೆ, ಬೈಯಲಿ ಎಂದು ಕಾದೆ. ಅವಳು ಬೈಯಲಿಲ್ಲ. ಪಂಚಮಿ ಯಾವಾಗ ಬರುತ್ತದೆ ಎಂದು ಕೇಳಿದಳು. ಅವತ್ತಿನಿಂದ ಗಂಡನಿಗೆ ಬೆಳಗಿನ ಸಂದೇಶ ಕಳಿಸುವುದನ್ನು ನಿಲ್ಲಿಸಿದಳು. ರೀಚಾರ್ಜ್ ಮಾತ್ರ ನಿಲ್ಲಿಸಲಿಲ್ಲ.

ಮಾರ್ಗಶಿರ ಬಹುಳ ಪಂಚಮಿಯ ದಿನ ಮಧ್ಯಾಹ್ನ ನಾನು ಅವಳ ಮನೆಯಲ್ಲಿದ್ದೆ. ತಿಥಿಯ ಅಡುಗೆ ಮಾಡಿರುತ್ತಾಳೆ ಎಂದುಕೊಂಡು ಹೋಗಿದ್ದೆ. ಒಲೆ ಹಚ್ಚಿರಲಿಲ್ಲ. ಕಾಕಾನಿಗೆ ಫೋನ್ ಮಾಡಿ ನನಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟಳು. ಅವಳ ದನಿ ತರಕಾರಿಯವನ ಹತ್ತಿರ ದರ ಕೇಳುವಷ್ಟು ಸಾದಾ ಇತ್ತು.

"ಕಾಕಾ, ಇವತ್ತ ಪಂಚಮಿ. ತಿಥಿ ಹೇಳಿ ಉಪಕಾರ ಮಾಡಿದ್ರಿ. ಎಲ್ಲಿ ಅಂತನೂ ಹೇಳಿಬಿಡ್ರಿ, ನೀರು ಅಲ್ಲೇ ಬಿಡತೇವಿ. ಎಷ್ಟು ಗಂಟೆಕ್ಕ ಅಂತನೂ ಹೇಳ್ರಿ. ಹನ್ನೊಂದರ ಒಳಗೋ, ಹೊರಗೋ?"

ಆ ಕಡೆಯಿಂದ ಫೋನ್ ಕಟ್ಟಾಯಿತು.

ಎಲ್ಲಿ ಎಂದು ತಿಳಿಯುವ ತನಕ ಅವಳು ನೀರು ಬಿಡುವುದಿಲ್ಲ. ಮಂಡಳಿಯ ಪುಟ ಪ್ರತಿ ವರ್ಷ ಅಮಾವಾಸ್ಯೆಗೆ ನಾಲ್ಕು ದಿನ ಮೊದಲು ನಮಗೆ ಸಂದೇಶ ಕಳಿಸುತ್ತದೆ, ನಾವು ಅಳಿಸುತ್ತೇವೆ. ಪಂಚಮಿಯ ದಿನ ಮಾತ್ರ ಅವಳು ಕಾಕಾನಿಗೆ ಅದೇ ಪ್ರಶ್ನೆಯನ್ನು ಬರೆದು ಕಳಿಸುತ್ತಾಳೆ. ಎಲ್ಲಿ, ಎಷ್ಟು ಗಂಟೆಕ್ಕ. ಎರಡು ನೀಲಿ ಗೆರೆ ಬೀಳುತ್ತವೆ. ಓದುತ್ತಾನೆ, ಉತ್ತರ ಕೊಡುವುದಿಲ್ಲ. ಅವನಿಗೀಗ ಎದ್ದು ಓಡಾಡುವುದು ಕಷ್ಟವಂತೆ, ಧಣಿಯೇ ಔಷಧಕ್ಕೆ ವ್ಯವಸ್ಥೆ ಮಾಡಿದ್ದಾನಂತೆ. ಯಾರೋ ಹೇಳಿದರು, ನನಗೆ ಅಯ್ಯೋ ಎನಿಸಲಿಲ್ಲ.

ಈ ಸಲದ ಪಂಚಮಿಗೂ ನಾನು ರಜೆ ಹಾಕಿ ಹೋದೆ. ಅವಳು ಸಂದೇಶ ಕಳಿಸಿದಳು. ನೀಲಿ ಗೆರೆ ಬಿದ್ದವು. ಎಂದೂ ಇಲ್ಲದ ಹಾಗೆ, ಕಾಕಾ ಏನೋ ಬರೆಯುತ್ತಿದ್ದಾನೆ ಎಂದು ಮೊಬೈಲು ತೋರಿಸಿತು. ನಾವಿಬ್ಬರೂ ಮೇಜಿನ ಮೇಲೆ ಬಗ್ಗಿ ಕೂತೆವು. ನಿಂತಿತು. ಮತ್ತೆ ಬರೆಯತೊಡಗಿದ, ಮತ್ತೆ ನಿಂತಿತು. ಕಾಲು ಗಂಟೆ ಕಳೆದಿರಬೇಕು. ಕೊನೆಗೆ ಬಂದದ್ದು ಮುಗಿದ ಎರಡು ಕೈಗಳ ಚಿತ್ರ, ಅಷ್ಟೇ.

ನಾನು ಮುಖ ಮುಚ್ಚಿಕೊಂಡೆ. ಅವಳು ಮೊಬೈಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು.

"ಮುದುಕ ಇನ್ನೂ ಬದುಕ್ಯಾನ, ಅಕ್ಕಾ," ಎಂದಳು. "ಮುಂದಿನ ವರ್ಷ ಮತ್ತ ಕೇಳೂಣು."